ಟೆಸ್ಟ್ ಹಿಲ್ ಹತ್ತಿದ ಪುಟ್ಟ ಕಾರು

ಮಗಳ ಮನೆಗೆ ಹೋದ ಮೂರನೆಯ ದಿನ, ಮಧ್ಯಾಹ್ನ ಊಟವಾಗಿ ಸ್ವಲ್ಪ ಅಡ್ಡಾಗಿದ್ದೆ. ಟಕ್ ಟಕ್ ಎಂದು ತಗಡು ಬಡಿಯುವ ಸದ್ದಿಗೆ ಎಚ್ಚರವಾಯಿತು. ನಿದ್ದೆಗಣ್ಣಿನಲ್ಲಿ ನಾನಿನ್ನೂ ಹುಬ್ಬಳ್ಳಿಯಲ್ಲೇ ಇದ್ದೇನೆ, ಪಕ್ಕದ ಓಣಿಯಲ್ಲಿ ಯಾರೋ ತಾಮ್ರದ ಹಂಡೆಗೆ ಬಿದ್ದ ತಗ್ಗು ತೆಗೆಯುತ್ತಿದ್ದಾರೆ ಅಂದುಕೊಂಡೆ. ಕಿಟಕಿಯ ಪರದೆ ಸರಿಸಿ ನೋಡಿದರೆ ಇಂಗ್ಲೆಂಡಿನ ಬೂದು ಆಕಾಶ, ಕತ್ತರಿಸಿಟ್ಟ ಹಾಗಿರುವ ಹುಲ್ಲು, ಪಕ್ಕದ ಮನೆಯ ಗ್ಯಾರೇಜಿನ ಅರ್ಧ ತೆರೆದ ಬಾಗಿಲು. ಸದ್ದು ಅಲ್ಲಿಂದಲೇ ಬರುತ್ತಿತ್ತು.

"ಅಜ್ಜಾ, ಅವರು ರೇಸ್ ಕಾರು ಮಾಡ್ತಿದಾರೆ" ಎಂದ ಹತ್ತು ವರ್ಷದ ಮೊಮ್ಮಗ. ಸುಮ್ಮನೆ ಹೇಳುತ್ತಾನೆ ಅಂದುಕೊಂಡೆ. ಮನೆಯಲ್ಲಿ ಉಪ್ಪಿನಕಾಯಿ ಹಾಕುತ್ತಾರೆ, ಹಪ್ಪಳ ಮಾಡುತ್ತಾರೆ. ರೇಸ್ ಕಾರು ಯಾರಾದರೂ ಮನೆಯಲ್ಲಿ ಮಾಡುತ್ತಾರೆಯೇ?

ಮಗಳ ಮನೆ ಇರುವುದು ಸರ್ರೆ ಜಿಲ್ಲೆಯ ವೇಬ್ರಿಜ್ ಎಂಬ ಊರಿನಲ್ಲಿ. ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ವೇ ಎಂಬ ಸಣ್ಣ ಹೊಳೆ ಇಲ್ಲಿ ಥೇಮ್ಸ್ ಸೇರುತ್ತದೆ. ನಮ್ಮ ಕಣ್ಣಿಗೆ ಅದು ಹೊಳೆಗಿಂತ ಕಾಲುವೆಯ ಹಾಗೆಯೇ ಕಾಣುತ್ತದೆ. ಊರು ಶಾಂತ. ಎಷ್ಟು ಶಾಂತವೆಂದರೆ, ನಿವೃತ್ತನಾದ ನನ್ನಂಥವನಿಗೆ ಎರಡು ವಾರದಲ್ಲಿ ಬೇಸರ ಬಂದುಬಿಡುವಷ್ಟು. ಆರು ತಿಂಗಳ ವೀಸಾದಲ್ಲಿ ಬಂದವನಿಗೆ ಆ ಗ್ಯಾರೇಜು ಸಿಗದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಪಕ್ಕದ ಮನೆಯ ಯಜಮಾನರು ನನಗಿಂತ ನಾಲ್ಕು ವರ್ಷ ದೊಡ್ಡವರು. ಮೊದಲ ದಿನ ಬೇಲಿಯ ಹತ್ತಿರ ನಿಂತು ಹವಾಮಾನ ಮಾತಾಡಿದೆವು, ಎರಡನೆಯ ದಿನವೂ ಅದನ್ನೇ ಮಾತಾಡಿದೆವು. ಮೂರನೆಯ ದಿನ ಒಳಗೆ ಕರೆದರು.

ಗ್ಯಾರೇಜಿನ ನಡುವೆ ಕಟ್ಟಿಗೆಯ ಕುದುರೆಗಳ ಮೇಲೆ ಒಂದು ಕಬ್ಬಿಣದ ಚೌಕಟ್ಟು ಕೂತಿತ್ತು. ಏಣಿಯ ಎರಡು ಕಾಲುಗಳನ್ನು ಮುಂದೆ ಒಂದೆಡೆ ಕೂಡಿಸಿ, ಹಿಂದೆ ಅಗಲಿಸಿದ ಹಾಗೆ. ಇಂಗ್ಲಿಷಿನ 'ಎ' ಅಕ್ಷರ ಮಲಗಿದಂತೆ ಎಂದರೂ ಸರಿ. ಸೈಕಲ್ಲಿನ ಹಾಗೆ ಕಡ್ಡಿಗಳಿರುವ ನಾಲ್ಕು ಚಕ್ರ ಗೋಡೆಗೆ ಒರಗಿದ್ದವು. ಮೇಜಿನ ಮೇಲೆ ಹೊಲಿಗೆ ಯಂತ್ರಕ್ಕಿಂತ ಸ್ವಲ್ಪ ದೊಡ್ಡದಿರಬಹುದಾದ ಇಂಜಿನ್. ಇಷ್ಟೇನಾ ರೇಸ್ ಕಾರು ಅಂದರೆ? ನನ್ನ ಮುಖ ನೋಡಿ ಅವರು ನಕ್ಕರು.

ಅದು ಆಸ್ಟಿನ್ ಸೆವೆನ್. ನಮ್ಮ ಹಿರಿಯರು 'ಬೇಬಿ ಆಸ್ಟಿನ್' ಎನ್ನುತ್ತಿದ್ದ ಕಾರು. ಸೈಡ್‌ಕಾರ್ ಇರುವ ಮೋಟರ್‌ಬೈಕಿನಲ್ಲಿ ಮಳೆಯಲ್ಲಿ ನೆನೆಯುತ್ತಿದ್ದ ಸಾಮಾನ್ಯ ಸಂಸಾರಕ್ಕೂ ಒಂದು ನಿಜವಾದ ಕಾರು ಇರಲಿ ಎಂದು ಹರ್ಬರ್ಟ್ ಆಸ್ಟಿನ್ 1922ರಲ್ಲಿ ಇದನ್ನು ಹೊರತಂದರು. ಅವರ ಕಂಪನಿಯವರಿಗೇ ಇದರಲ್ಲಿ ಹೆಚ್ಚು ನಂಬಿಕೆ ಇರಲಿಲ್ಲವಂತೆ. ಹಾಗಾಗಿ ಸ್ಟ್ಯಾನ್ಲಿ ಎಜ್ ಎಂಬ 18 ವರ್ಷದ ಹುಡುಗನನ್ನು ತಮ್ಮ ಮನೆಗೇ ಕರೆಸಿಕೊಂಡು, ಬಿಲಿಯರ್ಡ್ಸ್ ಕೋಣೆಯಲ್ಲಿ ಕೂತು ನಕ್ಷೆ ಬರೆಸಿದರು. ನಾಲ್ಕು ಸಿಲಿಂಡರು, 747 ಸಿ.ಸಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಆರು ಅಡಿ ಮೂರು ಅಂಗುಲ ಅಂತರ. ಅಂದರೆ ಒಬ್ಬ ಎತ್ತರದ ಮನುಷ್ಯ ಮಲಗಿದಷ್ಟು. 1939ರವರೆಗೆ ಇಂಥವು ಮೂರು ಲಕ್ಷದ ಹತ್ತಿರ ತಯಾರಾದವು. ಜರ್ಮನಿಯ ಬಿಎಂಡಬ್ಲ್ಯೂ ಮೊಟ್ಟಮೊದಲು ಮಾರಿದ ಕಾರೂ ಇದರದ್ದೇ ಪರವಾನಗಿ ಪಡೆದ ಅಚ್ಚು ಎಂದಾಗ, ಅಂಥದೇ ಕಾರಿಗೆ ಇನ್ನೂ ಸಾಲದ ಕಂತು ಕಟ್ಟುತ್ತಿದ್ದ ನನ್ನ ಅಳಿಯನ ಮುಖ ನೋಡಬೇಕಿತ್ತು!

ಈ ಬಡವರ ಕಾರಿಗೆ ಒಬ್ಬ ಪೈಲ್ವಾನ್ ತಮ್ಮ ಹುಟ್ಟಿದ. ಅವನ ಹೆಸರು ಅಲ್ಸ್ಟರ್. ಬಾಗಿಲಿಲ್ಲದ ಹಗುರ ಅಲ್ಯೂಮಿನಿಯಂ ಮೈ, ನೆಲಕ್ಕೆ ಹತ್ತಿದಂಥ ಕುರ್ಚಿ, ಹಿಂದೆ ಮೊನಚಾದ ಬಾಲ, ಬಾನೆಟ್ಟಿಗೆ ಚರ್ಮದ ಪಟ್ಟಿ. 1929ರಲ್ಲಿ ಉತ್ತರ ಐರ್ಲೆಂಡಿನ ಅಲ್ಸ್ಟರ್ ಟಿ.ಟಿ. ರೇಸಿನಲ್ಲಿ ದೈತ್ಯ ಮರ್ಸಿಡಿಸ್ ಮೊದಲು, ಆಲ್ಫಾ ರೋಮಿಯೋ ಎರಡನೆಯದು, ಮೂರನೆಯ ಸ್ಥಾನದಲ್ಲಿ ಈ ಪುಟಾಣಿ ಬಂತು. ಓಡಿಸಿದವರು ಆರ್ಚಿ ಫ್ರೇಜರ್-ನ್ಯಾಶ್. ಹೆಸರು ಬಂದದ್ದು ಆ ರೇಸಿನಿಂದಲೇ. ಮೂಲದ ಅಲ್ಸ್ಟರ್‌ಗಳು ತಯಾರಾದದ್ದೇ ಕಡಿಮೆ. ಉಳಿದಿರುವವಕ್ಕೆ ಬೆಲೆ ಕೇಳಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ. ಆದ್ದರಿಂದ ಆಸೆ ಇದ್ದವರು ಯಾವುದೋ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದ ಸಾಧಾರಣ ಆಸ್ಟಿನ್ ಸೆವೆನ್ ತಂದು, ಅದರ ಚೌಕಟ್ಟಿನ ಮೇಲೆ ಅಲ್ಸ್ಟರಿನ ಮೈಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಪಕ್ಕದ ಮನೆಯವರು ಮಾಡುತ್ತಿದ್ದದ್ದೂ ಅದನ್ನೇ. ಆರು ವರ್ಷದಿಂದ.

ಆರು ವರ್ಷ ಯಾಕೆ ಎಂದು ಕೇಳಬೇಕಾಗಲಿಲ್ಲ. ಚಹಾದ ಕಪ್ಪು ಕೊಡುವಾಗ ಅವರ ಕೈ ನಡುಗುವುದನ್ನು ನೋಡಿದೆ. ಮೊದಲ ಎರಡು ವರ್ಷ ಕೆಲಸ ಓಡಿತಂತೆ, ಆಮೇಲೆ ನಡುಕ ಶುರುವಾಯಿತು. ದೊಡ್ಡ ಕೆಲಸಕ್ಕೆ ತೊಂದರೆ ಇಲ್ಲ, ಸುತ್ತಿಗೆ ಹಿಡಿದರೆ ಕೈ ನಿಲ್ಲುತ್ತದೆ. ಸಣ್ಣ ವಾಷರು, ಸ್ಪ್ಲಿಟ್ ಪಿನ್ನು ಇಂಥವು ಮಾತ್ರ ಬೆರಳಿನಿಂದ ಜಾರಿ ಜಾರಿ ಬೀಳುತ್ತವೆ. ಆ ವರ್ಷ ಸೆಪ್ಟೆಂಬರಿನ ಒಂದು ಭಾನುವಾರ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಹಳೆಯ ಕಾರುಗಳ ಕೂಟವಿತ್ತು. ಅಲ್ಲಿನ ಟೆಸ್ಟ್ ಹಿಲ್ ಎಂಬ ಏರನ್ನು ತಮ್ಮ ಕಾರಿನಲ್ಲಿ ತಾವೇ ಹತ್ತಬೇಕು, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದು ಬೇಡ ಎಂದು ಅವರು ಹೇಳಿದರು. ಅಷ್ಟೇ ಹೇಳಿದ್ದು.

ಮರುದಿನದಿಂದ ನಾವಿಬ್ಬರೂ ಅಲ್ಲಿ ಹಾಜರು. ಮೊಮ್ಮಗ ಶಾಲೆ ಬಿಟ್ಟ ಮೇಲೆ ಸಣ್ಣ ಬೆರಳಿನ ಕೆಲಸಕ್ಕೆ, ನಾನು ಲೆಕ್ಕ ಬರೆಯುವುದಕ್ಕೆ.

ಆ ಗ್ಯಾರೇಜಿನಲ್ಲಿ ನಾನು ಕಂಡ ಒಂದು ಚಂದದ ಸಂಗತಿ ಹೇಳಲೇಬೇಕು. ಅಲ್ಯೂಮಿನಿಯಂ ತಗಡನ್ನು ಬಡಿಯುತ್ತ ಹೋದರೆ ಅದು ಗಡುಸಾಗಿ ಬಿರಿಯುತ್ತದೆ. ಮತ್ತೆ ಮೆತ್ತಗಾಗಲು ಕಾಯಿಸಬೇಕು. ಕಬ್ಬಿಣವಾದರೆ ಕೆಂಪಾಗುತ್ತದೆ, ಕಾದಿದ್ದು ಗೊತ್ತಾಗುತ್ತದೆ. ಅಲ್ಯೂಮಿನಿಯಂ ಬಣ್ಣವನ್ನೇ ತೋರಿಸುವುದಿಲ್ಲ, ಬೆಳ್ಳಗೆ ಇದ್ದಂತೆಯೇ ಇದ್ದು ಇದ್ದಕ್ಕಿದ್ದಂತೆ ಕರಗಿ ತೂತು ಬೀಳುತ್ತದೆ. ಹಾಗಾದರೆ ಹದ ತಿಳಿಯುವುದು ಹೇಗೆ? ಬಟ್ಟೆ ಒಗೆಯುವ ಸಾಬೂನಿನಿಂದ! ತಗಡಿನ ಮೇಲೆ ಸಾಬೂನು ತಿಕ್ಕಿ, ಗ್ಯಾಸ್ ಜ್ವಾಲೆ ಆಡಿಸುತ್ತ ಹೋಗುತ್ತಾರೆ. ಸಾಬೂನಿನ ಗೆರೆ ಕಂದಾಗಿ ಕಪ್ಪಾದ ಕೂಡಲೇ ಜ್ವಾಲೆ ತೆಗೆಯಬೇಕು. ತಣ್ಣಗಾದ ಮೇಲೆ ಆ ತಗಡು ನಾದಿದ ಹಿಟ್ಟಿನ ಹಾಗೆ ಮಾತು ಕೇಳುತ್ತದೆ. ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ತಗ್ಗು ಮಾಡುವುದು, ಆಮೇಲೆ ಎರಡು ಉಕ್ಕಿನ ಗಾಲಿಗಳ ನಡುವೆ ಹಿಂದೆ ಮುಂದೆ ಆಡಿಸಿ ನುಣುಪು ಮಾಡುವುದು. ಕಾರಿನ ಬಾಲ ಹೀಗೆ ನಮ್ಮ ಕಣ್ಣ ಮುಂದೆಯೇ ಹುಟ್ಟಿತು. (ಮಕ್ಕಳೇ, ಸಾಬೂನಿನ ಈ ಪ್ರಯೋಗವನ್ನು ಅಮ್ಮನ ಪಾತ್ರೆಗಳ ಮೇಲೆ ಮಾಡಬೇಡಿ.)

ಮೇ ತಿಂಗಳ ಒಂದು ಶನಿವಾರ ಮೊಮ್ಮಗನೊಂದಿಗೆ ಬ್ರೂಕ್‌ಲ್ಯಾಂಡ್ಸ್ ನೋಡಲು ಹೋದೆ. ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಮೋಟರ್ ರೇಸಿಗೆಂದೇ ಕಟ್ಟಿದ ಜಗತ್ತಿನ ಮೊದಲ ದೊಡ್ಡ ಟ್ರ್ಯಾಕ್ ಇದು. ಆಗ ಇಂಗ್ಲೆಂಡಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಹೀಗಾದರೆ ನಮ್ಮವರು ಕಾರು ಪರೀಕ್ಷಿಸುವುದೆಲ್ಲಿ ಎಂದು ಹ್ಯೂ ಲಾಕ್ ಕಿಂಗ್ ಎಂಬ ಶ್ರೀಮಂತರು ತಮ್ಮ ಸ್ವಂತ ಜಮೀನಿನಲ್ಲಿ, ಸ್ವಂತ ಹಣದಲ್ಲಿ 1907ರಲ್ಲಿ ಇದನ್ನು ಕಟ್ಟಿಸಿದರು. ಎರಡೂಮುಕ್ಕಾಲು ಮೈಲಿ ಸುತ್ತು, ನೂರು ಅಡಿ ಅಗಲ, ಪೂರಾ ಕಾಂಕ್ರೀಟು. ತಿರುವುಗಳಲ್ಲಿ ರಸ್ತೆಯ ಹೊರಗಿನ ಅಂಚು ಮೂರು ಅಂತಸ್ತಿನ ಮನೆಯಷ್ಟು ಮೇಲೆದ್ದು ನಿಲ್ಲುತ್ತದೆ. ಬಾಣಲೆಯ ಒಳಮೈ ನೆನಪಿಸಿಕೊಳ್ಳಿ, ಅದರ ಅಂಚಿನಲ್ಲಿ ಕಾರು ಓಡುತ್ತಿದೆ ಅಂದುಕೊಳ್ಳಿ.

ಟ್ರ್ಯಾಕ್ ತೆರೆದ ಹದಿನೈದು ದಿನದೊಳಗೆ ಎಸ್.ಎಫ್. ಎಜ್ ಎಂಬವರು ನೇಪಿಯರ್ ಕಾರಿನಲ್ಲಿ ಒಬ್ಬರೇ 24 ಗಂಟೆ ಓಡಿಸಿ 1,581 ಮೈಲಿ ಮುಗಿಸಿದರು. ಬ್ರಿಟನ್ನಿನ ಮೊದಲ ಗ್ರ್ಯಾಂಡ್ ಪ್ರಿ ನಡೆದದ್ದೂ ಇಲ್ಲೇ, 1926ರಲ್ಲಿ. ನಮ್ಮ ಪುಟಾಣಿ ಅಲ್ಸ್ಟರಿಗೂ ಇಲ್ಲೊಂದು ದೊಡ್ಡ ದಿನವಿತ್ತು. 1930ರ 500 ಮೈಲಿ ರೇಸಿನಲ್ಲಿ ಸ್ಯಾಮಿ ಡೇವಿಸ್ ಮತ್ತು ಅರ್ಲ್ ಆಫ್ ಮಾರ್ಚ್ ಸರದಿಯ ಮೇಲೆ ಓಡಿಸಿ, ಗಂಟೆಗೆ 83 ಮೈಲಿಗೂ ಮಿಕ್ಕಿದ ಸರಾಸರಿಯಲ್ಲಿ ಗೆದ್ದರು. ಸಣ್ಣ ಕಾರುಗಳಿಗೆ ಒಂದಿಷ್ಟು ರಿಯಾಯಿತಿ ಇತ್ತು ಅನ್ನಿ. ಆದರೂ 747 ಸಿ.ಸಿ. ಇಂಜಿನ್ ಆರು ತಾಸು ಹಾಗೆ ಓಡುವುದೆಂದರೆ ಹುಡುಗಾಟವಲ್ಲ.

1939ರಲ್ಲಿ ಯುದ್ಧ ಬಂತು, ರೇಸು ನಿಂತಿತು. ವಿಮಾನ ಕಾರ್ಖಾನೆಗೆ ಜಾಗ ಬೇಕೆಂದು ಟ್ರ್ಯಾಕನ್ನು ಕಡಿದರು. ಶತ್ರು ವಿಮಾನಗಳಿಗೆ ಕಾಣದಿರಲೆಂದು ಕಾಂಕ್ರೀಟಿನ ಮೇಲೆಯೇ ಗಿಡ ನೆಟ್ಟರು. ಮತ್ತೆ ಅಲ್ಲಿ ರೇಸು ನಡೆಯಲಿಲ್ಲ. ಈಗ ಉಳಿದಿರುವುದು ಪಾಚಿ ಹಿಡಿದ ತುಂಡುಗಳು. 1991ರಿಂದ ಮ್ಯೂಸಿಯಂ ಇದೆ. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ತಳದಿಂದ ಎತ್ತಿ ತಂದ ವೆಲಿಂಗ್ಟನ್ ಬಾಂಬರ್ ವಿಮಾನವನ್ನು ಇಲ್ಲಿ ನೋಡಬಹುದು. ಅದರ ಮೈಯ ಹಂದರ ಬುಟ್ಟಿ ಹೆಣೆದ ಹಾಗಿದೆ. ಕಾಂಕಾರ್ಡ್ ವಿಮಾನವೂ ಇದೆ. ಮೊಮ್ಮಗ ಮಾತ್ರ ಹೆಚ್ಚು ಹೊತ್ತು ನಿಂತದ್ದು ನೇಪಿಯರ್-ರೇಲ್ಟನ್ ಎಂಬ ಕಾರಿನ ಮುಂದೆ. ವಿಮಾನದ ಇಂಜಿನ್ ಹಾಕಿದ 24 ಲೀಟರಿನ ರಾಕ್ಷಸ ಅದು. ಜಾನ್ ಕಾಬ್ 1935ರಲ್ಲಿ ಇದರಲ್ಲಿ ಗಂಟೆಗೆ 143.44 ಮೈಲಿ ವೇಗದಲ್ಲಿ, ಅಂದರೆ ಸುಮಾರು 230 ಕಿ.ಮೀ. ವೇಗದಲ್ಲಿ ಒಂದು ಸುತ್ತು ಹಾಕಿದರು. ಟ್ರ್ಯಾಕೇ ಇಲ್ಲವಾದ್ದರಿಂದ ಆ ದಾಖಲೆ ಇನ್ನು ಮುರಿಯುವುದಿಲ್ಲ. "ಅಜ್ಜಾ, ನಮ್ಮ ಇಂಜಿನ್ ಎಷ್ಟು ಹಾಕಿದ್ರೆ ಇದಕ್ಕೆ ಸಮ?" ಎಂದ. ಅಲ್ಲೇ ಬಾಯಿಲೆಕ್ಕ ಮಾಡಿದೆ. ಮೂವತ್ತೆರಡು. 'ನಮ್ಮ ಇಂಜಿನ್' ಎಂದದ್ದನ್ನು ಗಮನಿಸಿದೆ.

ಹೊರಗೆ ಬಂದು ಟೆಸ್ಟ್ ಹಿಲ್ ನೋಡಿದೆವು. 1909ರಲ್ಲಿ ಕಾರುಗಳ ಏರುವ ಶಕ್ತಿ, ಬ್ರೇಕಿನ ಶಕ್ತಿ ಪರೀಕ್ಷಿಸಲು ಮಾಡಿದ ನೇರ ಏರು. ಉದ್ದ ಬರೀ 352 ಅಡಿ. ಶುರುವಿನಲ್ಲಿ ಎಂಟು ಅಡಿಗೆ ಒಂದು ಅಡಿ ಏರು, ನಡುವೆ ಐದಕ್ಕೆ ಒಂದು, ಕೊನೆಗೆ ನಾಲ್ಕಕ್ಕೆ ಒಂದು. ಹೇಳುವಾಗ ಏನೂ ಅನ್ನಿಸುವುದಿಲ್ಲ. ನಡೆದು ಹತ್ತಿದೆ, ಕೊನೆಯ ಭಾಗದಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ನನ್ನ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಕೈಗೆ ಹತ್ತಿದ ಗ್ರೀಸು ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ನನ್ನ ಮಗನ ಕೈ ಹೀಗಾಗಬಾರದು ಎಂದು ನನ್ನನ್ನು ಬಿ.ಕಾಂ. ಓದಿಸಿದರು. ನಾನು ಬ್ಯಾಂಕು ಸೇರಿದೆ. ಕೈಗೆ ಶಾಯಿ ಬಿಟ್ಟರೆ ಬೇರೆ ಏನೂ ಹತ್ತಲಿಲ್ಲ. ಇಂಥವನಿಗೆ ಆ ಗ್ಯಾರೇಜಿನ ಬೋಲ್ಟುಗಳನ್ನು ಕಂಡು ತಡೆಯಲಾಗಲಿಲ್ಲ. ಹಳೆಯ ಜ್ಯಾಮ್ ಬಾಟಲಿಗಳಲ್ಲಿ, ಸಿಗರೇಟಿನ ಡಬ್ಬಿಗಳಲ್ಲಿ, ಕೆಲವು ರಟ್ಟಿಗೆ ಚುಚ್ಚಿಟ್ಟು, ಎಲ್ಲ ಅಸ್ತವ್ಯಸ್ತ. ಜುಲೈ ತಿಂಗಳಲ್ಲಿ ಯಜಮಾನರು ಎರಡು ದಿನ ಆಸ್ಪತ್ರೆಗೆ ಹೋಗಿದ್ದಾಗ ಎಲ್ಲವನ್ನೂ ಸುರುವಿ, ದಪ್ಪ ಮತ್ತು ಉದ್ದದ ಪ್ರಕಾರ ವಿಂಗಡಿಸಿ, ಚೀಟಿ ಅಂಟಿಸಿ, ಪುಸ್ತಕಕ್ಕೆ ಹತ್ತಿಸಿದೆ. ವರ್ಷದ ಕೊನೆಯ ಲೆಕ್ಕ ಸರಿಹೊಂದಿದಾಗ ಆಗುವಂಥ ಸಂತೋಷ ಆಯಿತು.

ಹಳೆಯ ಇಂಗ್ಲಿಷ್ ಬೋಲ್ಟುಗಳಲ್ಲಿ ಎರಡು ಜಾತಿ. ಬಿ.ಎಸ್.ಡಬ್ಲ್ಯೂ. ಅಂದರೆ ದಪ್ಪ ಥ್ರೆಡ್ಡಿನವು, ಬಿ.ಎಸ್.ಎಫ್. ಅಂದರೆ ಸಣ್ಣ ಥ್ರೆಡ್ಡಿನವು. ಕಾಲು ಅಂಗುಲದ ಬೋಲ್ಟಿನಲ್ಲಿ ಒಂದಕ್ಕೆ ಅಂಗುಲಕ್ಕೆ 20 ಸುತ್ತು, ಇನ್ನೊಂದಕ್ಕೆ 26. ದೂರದಿಂದ ಎರಡೂ ಅವಳಿ ಜವಳಿ. ಯಜಮಾನರ ಅಸ್ತವ್ಯಸ್ತ ಡಬ್ಬಿಗಳಲ್ಲಿ ಇವು ಬೇರೆ ಬೇರೆ ಇದ್ದವು. ನನ್ನ ಶಿಸ್ತಿನ ಬಾಟಲಿಗಳಲ್ಲಿ ಒಂದಾದವು. ಫಿಟ್ಟರನ ಮಗ ಮಾಡಿದ ಕೆಲಸ!

ಒಂದು ವಾರದ ನಂತರ ಇಂಜಿನ್ನಿನ ತಳದ ಆಯಿಲ್ ತಟ್ಟೆ ಕೂಡಿಸುವ ದಿನ. ನಾನು ಚೀಟಿ ನೋಡಿ ಬೋಲ್ಟು ಕೊಡುವುದು, ಮೊಮ್ಮಗ ಪಾನಾ ಹಿಡಿದು ಬಿಗಿ ಮಾಡುವುದು. ಒಂದು ಬೋಲ್ಟು ಬಿಗಿಯಾಗಿ ಹೋಗುತ್ತಿತ್ತು. "ಇನ್ನೊಂದು ಸ್ವಲ್ಪ ಜೋರು ಹಾಕು" ಎಂದವನು ನಾನೇ. ಹಾಕಿದ. ಅದು ಇದ್ದಕ್ಕಿದ್ದಂತೆ ಸಡಿಲಾಗಿ ಗಿರ್ರನೆ ತಿರುಗಿತು. ಹೊರಗೆ ತೆಗೆದರೆ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಚೂರುಗಳು ಕೊಬ್ಬರಿ ತುರಿಯ ಹಾಗೆ. ತೊಂಬತ್ತು ವರ್ಷ ಹಳೆಯ ಇಂಜಿನ್ ಪೆಟ್ಟಿಗೆಯ ಥ್ರೆಡ್ಡು ಹೋಗಿತ್ತು. ಯಜಮಾನರು ತೂತಿಗೆ ಬೆರಳು ಹಾಕಿ ನೋಡಿದರು, ಏನೂ ಹೇಳದೆ ಚಿಂದಿಯಲ್ಲಿ ಕೈ ಒರೆಸಿಕೊಂಡರು. "ಇವತ್ತಿಗೆ ಸಾಕು" ಎಂದು ದೀಪ ಆರಿಸಿದರು.

ಮೊಮ್ಮಗ ಊಟ ಮಾಡಲಿಲ್ಲ. "ನಾನು ಜಾಸ್ತಿ ಶಕ್ತಿ ಹಾಕಿಬಿಟ್ಟೆ" ಎಂದು ಮಗಳ ಹತ್ತಿರ ಅತ್ತ. ನಾನು ಆ ಬೋಲ್ಟನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಕೋಣೆಗೆ ಹೋಗಿ ಕನ್ನಡಕ ಹಾಕಿ, ಅಡಿಪಟ್ಟಿಗೆ ಹಿಡಿದು ಸುತ್ತು ಎಣಿಸಿದೆ. ಕಾಲು ಅಂಗುಲಕ್ಕೆ ಆರೂವರೆ. ಅಂದರೆ 26. ತಪ್ಪು ಜಾತಿಯ ಬೋಲ್ಟು, ನನ್ನ ಬಾಟಲಿಯಿಂದ ಬಂದದ್ದು. ಆಗಲೇ ಎದ್ದು ಹೋಗಿ ಹುಡುಗನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವನು ಮಲಗಿರಬಹುದು, ಬೆಳಿಗ್ಗೆ ಹೇಳಿದರಾಯಿತು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಪಕ್ಕದ ಕೋಣೆಯಲ್ಲಿ ಅವನು ಹೊರಳಾಡುವುದು ಕೇಳಿಸುತ್ತಿತ್ತು. ಎಪ್ಪತ್ತು ದಾಟಿದವನು ಹತ್ತು ವರ್ಷದ ಹುಡುಗನ ಮೇಲೆ ತನ್ನ ತಪ್ಪು ಹೊರಿಸಿ ಮಲಗಿದ ರಾತ್ರಿ ಅದು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಬೆಳಿಗ್ಗೆ ಅವನಿಗೆ ಹೇಳಿದೆ, ಆಮೇಲೆ ಅವನನ್ನು ಕರೆದುಕೊಂಡು ಬೇಲಿ ದಾಟಿ ಯಜಮಾನರಿಗೂ ಹೇಳಿದೆ. ಅವರು ಬೋಲ್ಟು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. "ನಿನ್ನೆಯೇ ನನಗೆ ಗೊತ್ತಾಗಿತ್ತು. ಯಾರು ಬಂದು ಹೇಳುತ್ತಾರೆ ಎಂದು ಕಾಯುತ್ತಿದ್ದೆ" ಎಂದರು. ಹುಡುಗನ ತಲೆ ಸವರಿದರು. ನನಗೆ ಚಹಾ ಕೊಟ್ಟರು. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

ಕೆಟ್ಟ ಥ್ರೆಡ್ಡಿಗೆ ಮದ್ದಿದೆ. ತೂತನ್ನು ಸ್ವಲ್ಪ ದೊಡ್ಡದು ಕೊರೆದು, ಹೊಸ ಥ್ರೆಡ್ಡು ಕೊಯ್ದು, ಅದರೊಳಗೆ ಸ್ಪ್ರಿಂಗಿನಂಥ ಉಕ್ಕಿನ ಸುರುಳಿ ಕೂಡಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಪೆಟ್ಟಿಗೆ ಕೆಡುತ್ತದೆ. ನಡುಗುವ ಕೈಗೆ ಅದು ಆಗದು, ನನ್ನ ಕೈಯನ್ನು ಯಾರೂ ನಂಬುವ ಹಾಗಿರಲಿಲ್ಲ. ಕೊನೆಗೆ ಬಂದವರು ಅವರ ಮನೆಯಾಕೆ. ಮೂವತ್ತು ವರ್ಷ ಹಲ್ಲಿನ ದವಾಖಾನೆಯಲ್ಲಿ ಕೆಲಸ ಮಾಡಿದವರು. ಆರು ವರ್ಷದಲ್ಲಿ ಆ ಗ್ಯಾರೇಜಿಗೆ ಚಹಾ ಕೊಡಲು ಬಿಟ್ಟರೆ ಬಂದವರಲ್ಲವಂತೆ. ಏಪ್ರನ್ ಕಟ್ಟಿ, ಡ್ರಿಲ್ಲು ಹಿಡಿದು, ಗಂಡನಿಗೆ "ದೀಪ ಸರಿಯಾಗಿ ಹಿಡಿ, ಮಾತಾಡಬೇಡ" ಎಂದು, ಹತ್ತೇ ನಿಮಿಷದಲ್ಲಿ ಮುಗಿಸಿದರು. ಆ ಸುರುಳಿ ತರಿಸುವುದರಲ್ಲಿ, ಬೋಲ್ಟುಗಳನ್ನೆಲ್ಲ ಮತ್ತೆ ಬೇರೆ ಮಾಡುವುದರಲ್ಲಿ ಮೂರು ವಾರ ಹೋಗಿತ್ತು. ಬೇರೆ ಮಾಡಿದ್ದು ಮೊಮ್ಮಗ. ನನ್ನ ಪಾಲಿಗೆ ಪುಸ್ತಕ ಮಾತ್ರ.

ಆಗಸ್ಟಿನಲ್ಲಿ ಕಾರಿಗೆ ಹಸಿರು ಬಣ್ಣ ಬಂತು. ಒಬ್ಬ ಪರಿಚಿತರು ನೋಡಲು ಬಂದವರು, ಎಲ್ಲಾದರೂ ಒಂದು ಹಳೆಯ ಅಲ್ಸ್ಟರಿನ ನಂಬರ್ ಪಟ್ಟಿ ಸಿಕ್ಕರೆ ಹಚ್ಚಿಬಿಡಿ, ಯಾರಿಗೆ ತಿಳಿಯುತ್ತದೆ ಎಂದು ನಗುತ್ತ ಹೇಳಿದರು. ಯಜಮಾನರು ನಗಲಿಲ್ಲ. ನನಗೆ ನನ್ನ ಕೌಂಟರ್ ನೆನಪಾಯಿತು. ಒಮ್ಮೆ ನೂರರ ಖೋಟಾ ನೋಟು ಕಣ್ತಪ್ಪಿ ತೆಗೆದುಕೊಂಡು, ಸಂಜೆ ಕೈಯಿಂದ ಕಟ್ಟಿದ್ದೆ. ಖೋಟಾ ನೋಟಿಗೂ ಮಕ್ಕಳ ಆಟದ ನೋಟಿಗೂ ಏನು ವ್ಯತ್ಯಾಸ? ಆಟದ ನೋಟು ತಾನು ಆಟದ್ದು ಎಂದು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ಇವರೂ ಹಾಗೆಯೇ ಮಾಡಿದರು. ಹಿತ್ತಾಳೆಯ ಪಟ್ಟಿಯ ಮೇಲೆ 'ಪ್ರತಿಕೃತಿ' ಎಂಬ ಅರ್ಥದ ಮಾತು, ವರ್ಷ, ಊರಿನ ಹೆಸರು ಕೊರೆಸಿ ಡ್ಯಾಶ್‌ಬೋರ್ಡಿಗೆ ಕೂಡಿಸಿದರು. ಮನೆಯ ಗ್ಯಾರೇಜಿನಲ್ಲಿ ಮಾಡಿದ್ದಕ್ಕೆ ನಾಚಿಕೆ ಯಾಕೆ? ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ತನ್ನ ಮೊದಲ ಕಾರನ್ನು 1948ರಲ್ಲಿ ಇಂಥದೇ ಹಳೆಯ ಆಸ್ಟಿನ್ ಸೆವೆನ್ನಿನಿಂದ, ಗೆಳತಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಮಾಡಿದ್ದು. ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಹದಿಹರೆಯದಲ್ಲಿ ಸ್ಪರ್ಧೆಗೆ ಇಳಿದದ್ದು ಅಪ್ಪ ತಂದ ಒಂದು ಹಳೆಯ ಅಲ್ಸ್ಟರಿನಲ್ಲೇ.

ಸೆಪ್ಟೆಂಬರಿನ ಆ ಭಾನುವಾರ ಮಳೆ ಬರಲಿಲ್ಲ. ಬ್ರೂಕ್‌ಲ್ಯಾಂಡ್ಸ್ ತುಂಬ ಹಳೆಯ ಕಾರುಗಳು, ಹಳೆಯ ಟೋಪಿಗಳು, ಸುಟ್ಟ ಎಣ್ಣೆಯ ವಾಸನೆ. ಒಬ್ಬ ಹುಡುಗ ಬಂದು "ಇದು ಅಸಲಿನಾ?" ಎಂದು ಕೇಳಿದ. "ಆಸ್ಟಿನ್ ಅಸಲಿ, ಅಲ್ಸ್ಟರ್ ಅಲ್ಲ" ಎಂದರು ಯಜಮಾನರು.

ಸರದಿ ಬಂತು. ಆಸ್ಟಿನ್ ಸೆವೆನ್ನಿನ ಕ್ಲಚ್ಚು ಕುಖ್ಯಾತ. ಪೆಡಲು ಒಂದು ಅಂಗುಲವೂ ಚಲಿಸುವುದಿಲ್ಲ. ಹಿಡಿಯಿತು ಅಥವಾ ಬಿಟ್ಟಿತು, ನಡುವೆ ಏನಿಲ್ಲ. ಏರಿನ ಬುಡದಲ್ಲಿ ಬಾವುಟ ಬಿತ್ತು, ಕಾರು ಕುಪ್ಪಳಿಸಿ ಮುಂದೆ ಹೋಗಿ ಆರಿಬಿಟ್ಟಿತು. ತಂತಿಯಿಂದ ಎಳೆಯುವ ಬ್ರೇಕು ಗಟ್ಟಿ ಹಿಡಿಯಲಿಲ್ಲ, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಇಬ್ಬರು ಓಡಿಬಂದು ಚಕ್ರಕ್ಕೆ ಮರದ ತುಂಡು ಕೊಟ್ಟರು. ನಾನು ಮನೆಯಾಕೆಯ ಮುಖ ನೋಡಿದೆ. ಅವರು ನೋಡುತ್ತಿದ್ದದ್ದು ಗಂಡನ ಕೈಗಳನ್ನು. ಸ್ಟೀರಿಂಗ್ ಮೇಲೆ ಆ ಕೈಗಳು ನಡುಗುತ್ತಿರಲಿಲ್ಲ.

ಎರಡನೆಯ ಸಲ ಇಂಜಿನ್ ಜೋರಾಗಿ ಕಿರುಚಿಸಿ ಕ್ಲಚ್ಚು ಬಿಟ್ಟರು. ಹತ್ತಿತು. ಎಂಟಕ್ಕೊಂದು ದಾಟಿತು, ಐದಕ್ಕೊಂದು ದಾಟಿತು. ಕೊನೆಯ ಭಾಗದಲ್ಲಿ ಸದ್ದು ಇಳಿಯುತ್ತ ಇಳಿಯುತ್ತ, ಮುದುಕ ಮೆಟ್ಟಿಲು ಹತ್ತುವ ಹಾಗೆ, ಇನ್ನೇನು ನಿಂತಿತು ಅನ್ನಿಸಿತು. ಸುತ್ತಲಿನವರೆಲ್ಲ ಕೂಗುತ್ತಿದ್ದರು. ಮೊಮ್ಮಗ ಕನ್ನಡದಲ್ಲಿ "ಹತ್ತು, ಹತ್ತು" ಎನ್ನುತ್ತಿದ್ದ. ಹಸಿರು ಬಾಲ ಮೇಲಿನ ಅಂಚು ದಾಟಿ ಕಣ್ಮರೆಯಾಯಿತು.

ನಾನು ಮೇಲೆ ತಲುಪುವಷ್ಟರಲ್ಲಿ ಯಜಮಾನರು ಇಳಿದು ಟೋಪಿ ತೆಗೆದು ನಿಂತಿದ್ದರು. ಕೈ ಮತ್ತೆ ನಡುಗುತ್ತಿತ್ತು. ಕಾರಿನ ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು, ಮೊಮ್ಮಗನವು. ಟಾರ್ಚು ಹಿಡಿದು ಎಣ್ಣೆ ಎಲ್ಲಿ ಸೋರುತ್ತಿದೆ ನೋಡುತ್ತಿದ್ದ.

"ನಾಲ್ಕು ಕಡೆ ಸೋರ್ತಿದೆ ಅಜ್ಜಾ" ಎಂದು ಒಳಗಿನಿಂದಲೇ ಕೂಗಿದ. "ನಮ್ಮ ಬೋಲ್ಟು ಮಾತ್ರ ಒಣಗಿದೆ."